ಗಣಿಯ ಬಾಯಲ್ಲಿ ಕಾದು ನಿಂತವರ ಪರವಾಗಿ: ಕೀರ್ ಹಾರ್ಡಿ

ಸುರಂಗವೆಂದರೇನೆಂದು ನಮ್ಮ ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಒಡಲನ್ನು ಕೊರೆದು ನೀರಿನ ಸೆಲೆ ಹುಡುಕಲು ಹೋಗುವಾತನ ಬಳಿ ಒಂದು ಮೊಂಬತ್ತಿಯೋ ಚಿಮಿಣಿ ದೀಪವೋ ಇರುತ್ತದೆ. ಅದು ಬೆಳಕಿಗಾಗಿ ಮಾತ್ರವಲ್ಲ. ದೀಪ ಸೊರಗಿತೆಂದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹಿಂದೆ ಸರಿಯಬೇಕು. ಮಣ್ಣು ಹೊರುವ ಮನೆಮಂದಿ ಸುರಂಗದ ಬಾಯಲ್ಲಿ ಕಿವಿಗೊಟ್ಟು ಕುಳಿತಿರುತ್ತಾರೆ. ಒಳಗಿನ ಪಿಕ್ಕಾಸಿನ ಸದ್ದು ಸ್ವಲ್ಪ ಹೊತ್ತು ನಿಂತರೆ ಸಾಕು, ಹೊರಗಿದ್ದವರ ಎದೆಬಡಿತ ಏರುತ್ತದೆ. ಇದು ಒಂದು ಮನೆಯ ಮಾತಾಯಿತು. ಇದನ್ನೇ ನೂರು ಮನೆಗೆ, ಸಾವಿರ ಮನೆಗೆ ಹಿಗ್ಗಿಸಿ ನೋಡಿದರೆ ಗಣಿಯ ಊರು ಎಂಬುದು ಹೇಗಿರುತ್ತದೆಂದು ಅರ್ಥವಾದೀತು.

ಕನ್ನಡ ನಾಡಿನಲ್ಲಿ ಅಂಥ ಊರೆಂದರೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಅಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಮೂರು, ನಾಲ್ಕು ತಲೆಮಾರುಗಳು ಆ ನೆಲದಡಿ ದುಡಿದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೀಳುವ ಭಾರ ತಡೆಯಲಾರದೆ ಅದು ಒಮ್ಮೆಗೇ ಸಿಡಿಯುವುದುಂಟು. ದೊಡ್ಡ ಸಿಡಿತವಾದಾಗ ಮೇಲಿನ ಕೂಲಿ ಲೈನಿನ ಮನೆಗಳೂ ನಡುಗುತ್ತಿದ್ದವು. ಯಾವ ಪಾಳಿಯವರು ಒಳಗಿದ್ದಾರೆಂದು ಗೊತ್ತಿದ್ದ ಹೆಂಗಸರಿಗೆ ಬೇರೆ ಸುದ್ದಿ ಬರಬೇಕಾಗಿರಲಿಲ್ಲ. ನಮ್ಮ ಹಾಗೆಯೇ ರಾಜ್ಯದ ಗಡಿಯಾಚೆ ಉಳಿದುಕೊಂಡ ಮೈಂದರ್ಗಿ, ಅಕ್ಕಲಕೋಟೆ ಕಡೆಯ ಕನ್ನಡಿಗರ ನೆಲದಲ್ಲಿ ಗಣಿಯಿಲ್ಲ. ಅವರ ಪಾಲಿಗೆ ಇದ್ದದ್ದು ಸೊಲ್ಲಾಪುರದ ಬಟ್ಟೆ ಗಿರಣಿ. ಗಿರಣಿಯ ಭೋಂಗಾ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಏನರ್ಥವೆಂದು ಅಲ್ಲಿಯ ಹಳಬರೂ ಬಲ್ಲರು.

ಅವಘಡ ಸಂಭವಿಸಿದಾಗ ಸತ್ತವರ ಲೆಕ್ಕವನ್ನು ಪತ್ರಿಕೆಗಳೂ ಸರಕಾರವೂ ಬರೆದಿಡುತ್ತವೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಅಸುನೀಗಿದರು ಎಂಬುದು ದಾಖಲೆಯಲ್ಲಿದೆ. ಆದರೆ ಗಣಿಯ ಬಾಯಲ್ಲಿ ಕಾದು ನಿಂತವರ ಗತಿಯೇನು, ಮರುವಾರ ಅವರ ಒಲೆ ಉರಿದದ್ದು ಹೇಗೆ, ಅವರಿದ್ದ ಮನೆ ಅವರಿಗೇ ಉಳಿಯಿತೇ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ರಾಜಸಭೆಯಂತಿದ್ದ ಬ್ರಿಟಿಷ್ ಪಾರ್ಲಿಮೆಂಟಿನ ನಡುವೆ ನಿಂತು, ನೂರಾರು ಸದಸ್ಯರ ಗದ್ದಲದ ಮಧ್ಯೆ ಒಬ್ಬಂಟಿಯಾಗಿ ಕೇಳಿದ ಮನುಷ್ಯನೊಬ್ಬನಿದ್ದ. ಆತ ಜೇಮ್ಸ್ ಕೀರ್ ಹಾರ್ಡಿ. ಬ್ರಿಟನ್ನಿನ ಲೇಬರ್ ಪಕ್ಷದ ಜನಕರಲ್ಲಿ ಮೊದಲಿಗರೆಂದು ಆತನ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದಾರೆ. ಅದಕ್ಕೂ ಮೊದಲು ಆತ ಹತ್ತನೆಯ ವಯಸ್ಸಿಗೇ ಗಣಿಗಿಳಿದ ಹುಡುಗನೆಂಬುದು ಅಷ್ಟಾಗಿ ಗೊತ್ತಿರಲಾರದು.

ಹಾರ್ಡಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರಿನಲ್ಲಿ, 1856ರ ಆಗಸ್ಟ್ 15ರಂದು. ತಾರೀಕು ನಮ್ಮವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಮುಂದೆ ಭಾರತದ ಸ್ವರಾಜ್ಯದ ಪರವಾಗಿ ಮಾತನಾಡಿ ತಮ್ಮ ದೇಶದವರ ಬೈಗುಳ ತಿಂದ ವ್ಯಕ್ತಿಗೆ ಒಪ್ಪುವ ಜನ್ಮದಿನವೇ ಸರಿ. ತಾಯಿ ಮೇರಿ ಕೀರ್ ಮನೆಗೆಲಸದಾಕೆ. ಮದುವೆಗೆ ಮುಂಚೆ ಹುಟ್ಟಿದ ಮಗು ಇದು. ಆಮೇಲೆ ಆಕೆ ಡೇವಿಡ್ ಹಾರ್ಡಿ ಎಂಬ ಹಡಗಿನ ಬಡಗಿಯನ್ನು ಮದುವೆಯಾದಳು. ಹುಡುಗನಿಗೆ ಆತನ ಮನೆಹೆಸರು ಬಂತು. ಶಾಲೆಯ ಮೆಟ್ಟಿಲು ಹತ್ತುವ ಯೋಗ ಇರಲಿಲ್ಲ. ಏಳೆಂಟು ವರ್ಷಕ್ಕೇ ಸಂದೇಶ ಒಯ್ಯುವ ಹುಡುಗನಾಗಿ ದುಡಿಮೆ ಆರಂಭ. ಓದು ಕಲಿಸಿದವಳು ತಾಯಿ.

ಗ್ಲಾಸ್ಗೋ ನಗರದಲ್ಲಿ ಆತ ಒಬ್ಬ ರೊಟ್ಟಿ ವ್ಯಾಪಾರಿಯಲ್ಲಿ ಕೆಲಸಕ್ಕಿದ್ದಾಗಿನ ಘಟನೆಯೊಂದುಂಟು. ಹಡಗು ಕಟ್ಟೆಗೆ ಬೀಗ ಬಿದ್ದು ಮಲತಂದೆಗೆ ಕೂಲಿಯಿರಲಿಲ್ಲ. ತಮ್ಮನೊಬ್ಬ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದ. ತಾಯಿಗೆ ದಿನ ತುಂಬಿತ್ತು. ಇಡೀ ರಾತ್ರಿ ಅವರ ಬಳಿ ಎಚ್ಚರವಿದ್ದ ಹುಡುಗ ಬೆಳಿಗ್ಗೆ ಕೆಲಸಕ್ಕೆ ಕೊಂಚ ತಡವಾಗಿ ಬಂದ. ಯಜಮಾನರು ಕುಟುಂಬ ಸಮೇತ ಪ್ರಾರ್ಥನೆಯಲ್ಲಿದ್ದರು. ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ನಿಲ್ಲಿಸಿ, ಆಮೇಲೆ ಒಳಗೆ ಕರೆದು, ಕೆಲಸದಿಂದ ತೆಗೆದುಹಾಕಿ, ವಾರದ ಕೂಲಿಯನ್ನೂ ದಂಡವೆಂದು ಹಿಡಿದುಕೊಂಡರು. ಆ ಮನೆಯಲ್ಲಿ ಆಗ ದುಡಿಯುತ್ತಿದ್ದವನು ಆ ಹುಡುಗನೊಬ್ಬನೇ. ಜೀವಮಾನವಿಡೀ ಧರ್ಮಶ್ರದ್ಧೆಯನ್ನು ಬಿಡದ ಹಾರ್ಡಿ, ಧರ್ಮಿಷ್ಠರೆಂದು ಹೇಳಿಕೊಳ್ಳುವ ಧನಿಕರನ್ನು ಮಾತ್ರ ಕೊನೆಯವರೆಗೆ ನಂಬಲಿಲ್ಲ. ಆ ಬೆಳಗಿನ ಪಾಠ ಅಷ್ಟು ಆಳಕ್ಕೆ ಇಳಿದಿತ್ತು.

ಸಂಸಾರ ಮತ್ತೆ ಲ್ಯಾನಾರ್ಕ್‌ಶೈರಿಗೆ ಬಂತು. ಹತ್ತು ವರ್ಷದ ಹುಡುಗ ಗಣಿಗಿಳಿದ. ಬಾಗಿಲು ಕಾಯುವ ಕೆಲಸ. ಗಣಿಯೊಳಗೆ ಗಾಳಿ ಹರಿಯುವ ದಾರಿಯನ್ನು ಮರದ ಬಾಗಿಲುಗಳಿಂದ ತಿರುಗಿಸುತ್ತಾರೆ. ಕಲ್ಲಿದ್ದಲ ಗಾಡಿ ಬಂದಾಗ ಬಾಗಿಲು ತೆರೆಯಬೇಕು, ಹೋದ ಕೂಡಲೇ ಮುಚ್ಚಬೇಕು. ಮುಚ್ಚುವುದು ಮರೆತರೆ ಗಾಳಿ ದಾರಿ ತಪ್ಪುತ್ತದೆ. ಎಲ್ಲೋ ಒಂದೆಡೆ ಸುಡುವ ಅನಿಲ ಶೇಖರವಾಗುತ್ತದೆ. ನೂರಾರು ಮಂದಿಯ ಪ್ರಾಣ ಹತ್ತು ವರ್ಷದ ಒಂದು ಮಗುವಿನ ಎಚ್ಚರದ ಮೇಲೆ ನಿಂತಿತ್ತೆಂದರೆ ಇಂದು ಯಾರೂ ನಂಬಲಿಕ್ಕಿಲ್ಲ. ಕತ್ತಲೆಯಲ್ಲಿ ದಿನಕ್ಕೆ ಹತ್ತು ಗಂಟೆ ಒಬ್ಬನೇ ಕುಳಿತು ಆತ ಕಾಲ ಕಳೆದದ್ದಾದರೂ ಹೇಗೆ? ದೀಪದ ಹೊಗೆಯಿಂದ ಒಂದು ಚಪ್ಪಟೆ ಕಲ್ಲನ್ನು ಕಪ್ಪು ಮಾಡಿಕೊಂಡು ಗುಂಡುಸೂಜಿಯಿಂದ ಅದರ ಮೇಲೆ ಶೀಘ್ರಲಿಪಿಯ ಗೆರೆಗಳನ್ನು ಕೊರೆಯುತ್ತಿದ್ದ. ಮುಂದೆ ಪತ್ರಕರ್ತನಾಗಿ ಬದುಕಿಗೆ ದಾರಿಯಾದ ವಿದ್ಯೆಯನ್ನು ಆತ ಕಲಿತದ್ದು ಹೀಗೆ.

ತುಸು ದೊಡ್ಡವನಾಗಿ ಕುದುರೆಮರಿಯ ಜೊತೆ ಗಾಡಿ ನಡೆಸುತ್ತಿದ್ದಾಗ ಒಂದು ದಿನ ಗಣಿಯ ಬಾವಿಯ ಗೋಡೆ ಕುಸಿಯತೊಡಗಿತು. ಸುದ್ದಿ ಹರಡಿದೊಡನೆ ಒಳಗಿದ್ದವರೆಲ್ಲ ಓಡಿ ಬಂದು, ದಾರಿ ಪೂರಾ ಮುಚ್ಚುವ ಮುಂಚೆ ಮೇಲೇರಿದರು. ಮೇಲೆ ಬಂದ ಮೇಲೆ ತಲೆ ಎಣಿಸಿದರೆ ಒಬ್ಬ ಹುಡುಗ ಕಡಿಮೆ. ಪ್ರಾಣದ ಹಂಗು ತೊರೆದು ಮತ್ತೆ ಇಳಿದವರು ಹುಡುಕಿದಾಗ ಹಾರ್ಡಿ ಲಾಯದಲ್ಲಿ ಡೊನಾಲ್ಡ್ ಎಂಬ ತನ್ನ ಕುದುರೆಯ ಮಗ್ಗುಲಲ್ಲಿ ಅತ್ತು ಅತ್ತು ನಿದ್ದೆಹೋಗಿದ್ದ. ಈ ಕಥೆಯಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಹುಡುಗನು ಉಳಿದದ್ದಲ್ಲ. ಮೇಲೆ ಬಂದವರು ತಲೆ ಎಣಿಸಿದ್ದು, ಒಂದು ತಲೆ ಕಡಿಮೆಯೆಂದು ತಿಳಿದಾಗ ತಿರುಗಿ ಇಳಿದದ್ದು. ಗಣಿಯವರ ನೀತಿ ಅದು. ಆ ನೀತಿಯನ್ನು ರಾಷ್ಟ್ರದ ಕಾನೂನಿಗೂ ಕಲಿಸಬೇಕೆಂಬುದೇ ಹಾರ್ಡಿಯವರ ಮುಂದಿನ ನಲವತ್ತು ವರ್ಷಗಳ ಹಟವಾಯಿತು.

ಅವರಿಗೆ 21 ವರ್ಷವಾಗಿದ್ದಾಗ, 1877ರ ಅಕ್ಟೋಬರ್ 22ರ ಬೆಳಿಗ್ಗೆ, ಅದೇ ಲ್ಯಾನಾರ್ಕ್‌ಶೈರಿನ ಬ್ಲ್ಯಾಂಟೈರ್ ಎಂಬಲ್ಲಿ ಡಿಕ್ಸನ್ ಕಂಪೆನಿಯ ಗಣಿಯಲ್ಲಿ ಅನಿಲ ಸ್ಫೋಟಿಸಿ 207 ಮಂದಿ ಸತ್ತರು. ಸ್ಕಾಟ್ಲೆಂಡಿನ ಗಣಿ ದುರಂತಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಜನರು ಸಹಾಯ ನಿಧಿ ಕೂಡಿಸಿದರು. ಆದರೆ ಗಣಿಯವರ ಮನೆಗಳು ಕಂಪೆನಿಗೆ ಸೇರಿದವುಗಳಾಗಿದ್ದವು. ಮನೆ ಸಿಕ್ಕಿದ್ದು ಗಂಡನ ಕೆಲಸಕ್ಕೆ. ಗಂಡ ಸತ್ತರೆ ಕೆಲಸವೂ ಹೋಯಿತು, ಮನೆಯ ಹಕ್ಕೂ ಹೋಯಿತು. ಹೊಸದಾಗಿ ಬರುವ ಕೆಲಸಗಾರರಿಗೆ ಮನೆ ಬೇಕಿತ್ತು. ಸ್ಫೋಟವಾಗಿ ಅರ್ಧ ವರ್ಷ ಕಳೆಯುವುದರೊಳಗೆ ಕಂಪೆನಿ 34 ವಿಧವೆಯರ ಮೇಲೆ ನ್ಯಾಯಾಲಯಕ್ಕೆ ಹೋಯಿತು. 1878ರ ಮೇ ತಿಂಗಳಲ್ಲಿ ಮಕ್ಕಳು ಮರಿ ಸಮೇತ ಅವರನ್ನು ಮನೆಯಿಂದ ಹೊರಹಾಕಲಾಯಿತು. ಕಾನೂನಿನ ದೃಷ್ಟಿಯಲ್ಲಿ ಕಂಪೆನಿಯ ತಪ್ಪೇನೂ ಇರಲಿಲ್ಲ. ಕಾನೂನೇ ಹಾಗಿತ್ತು.

ಅಂದಿನ ಸಹಾಯ ನಿಧಿಗಳ ರೀತಿಯನ್ನೂ ಇಲ್ಲಿ ಹೇಳಬೇಕು. 1862ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಎಂಬಲ್ಲಿ ನೀರೆತ್ತುವ ಯಂತ್ರದ ಭಾರೀ ತೊಲೆ ಮುರಿದು ಗಣಿಗಿದ್ದ ಒಂದೇ ಒಂದು ಬಾವಿಯೊಳಗೆ ಬಿದ್ದು, ದಾರಿ ಮುಚ್ಚಿ 204 ಮಂದಿ ಒಳಗೇ ಉಸಿರು ಕಟ್ಟಿ ಸತ್ತಿದ್ದರು. ಮೇಲೆ ಜನ ದಿನಗಟ್ಟಲೆ ಕಾದರು. ಆಮೇಲೆ ಪ್ರತಿ ಗಣಿಗೂ ಎರಡು ದಾರಿ ಇರಲೇಬೇಕೆಂಬ ಕಾನೂನು ಬಂತು. ಉತ್ತರ ಇಂಗ್ಲೆಂಡಿನ ಗಣಿಗಾರರು ತಾವೇ ವಾರವಾರ ಕಾಸು ಹಾಕಿ ಒಂದು ಶಾಶ್ವತ ನಿಧಿಯನ್ನೂ ಕಟ್ಟಿದರು. ದೊಡ್ಡ ದುರಂತವಾದರೆ ದೇಶದ ಕಣ್ಣು ಹರಿದು ಹಣ ಬರುತ್ತಿತ್ತು. ಆದರೆ ಗಣಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ದೊಡ್ಡ ದುರಂತಗಳಲ್ಲಿ ಸಾಯುವವರಲ್ಲ. ಇಲ್ಲೊಂದು ಚಪ್ಪಡಿ ಬಿದ್ದು ಒಬ್ಬ, ಅಲ್ಲೊಂದು ಗಾಡಿ ಹರಿದು ಒಬ್ಬ. ಅವರ ಹೆಂಡತಿಗೆ ಯಾವ ಮಹಾರಾಣಿಯ ತಂತಿಯೂ ಬರುವುದಿಲ್ಲ. ನಿಧಿಯಿಂದ ಹಣ ಸಿಕ್ಕವಳಿಗೂ ಕಟ್ಟುಪಾಡುಗಳಿದ್ದವು. ಮರುಮದುವೆಯಾದರೆ ನಿಂತಿತು, ನಡತೆಯ ಬಗ್ಗೆ ಸಮಿತಿಯ ದೊಡ್ಡ ಮನುಷ್ಯರಿಗೆ ಸಂಶಯ ಬಂದರೂ ನಿಂತೀತು. ಅದು ದಾನವೇ ಹೊರತು ಹಕ್ಕಲ್ಲ. ಈ ಎರಡರ ನಡುವಿನ ಅಂತರ ನಮ್ಮಲ್ಲಿ ಕೂಡ ಎಷ್ಟೋ ಕಚೇರಿಗಳ ಜಗಲಿಯಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು.

ಗಣಿಯವರ ಸಭೆಗಳಲ್ಲಿ ಓದುಬರಹ ಬಲ್ಲ, ಕುಡಿಯದ ಈ ತರುಣನನ್ನು ಮುಂದಾಳಾಗಿ ನಿಲ್ಲಿಸತೊಡಗಿದರು. ಮಾಲೀಕರಿಗೆ ಅದು ಹಿಡಿಸಲಿಲ್ಲ. ಒಂದು ಬೆಳಿಗ್ಗೆ ಹಾರ್ಡಿ ಗಣಿಗಿಳಿಯುತ್ತಿದ್ದ ಪಂಜರ ಅರ್ಧದಲ್ಲಿ ನಿಂತು, ತಿರುಗಿ ಮೇಲಕ್ಕೆ ಬಂತು. ಅವರಿಗೂ ತಮ್ಮಂದಿರಿಗೂ ಅಲ್ಲಿ ಇನ್ನು ಕೆಲಸವಿಲ್ಲವೆಂದಾಯಿತು. ಸುತ್ತಲಿನ ಗಣಿಗಳೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಅದೇ 1879ರಲ್ಲಿ ಅವರು ಲಿಲ್ಲಿ ವಿಲ್ಸನ್ ಎಂಬಾಕೆಯನ್ನು ಮದುವೆಯಾದರು. ಮರುವರ್ಷ ಲ್ಯಾನಾರ್ಕ್‌ಶೈರಿನ ಗಣಿಗಾರರು ಕೂಲಿ ಕಡಿತದ ವಿರುದ್ಧ ಮುಷ್ಕರ ಹೂಡಿದಾಗ ಸಂಘದ ಬೊಕ್ಕಸ ಬರಿದಾಗಿತ್ತು. ಮುಷ್ಕರ ನಡೆದಷ್ಟು ದಿನವೂ ಹಾರ್ಡಿ ದಂಪತಿಗಳ ಮನೆಯಲ್ಲಿ ಗಂಜಿಯ ಹಂಡೆ ಒಲೆಯ ಮೇಲಿತ್ತು. ಮುಷ್ಕರ ಸೋತಿತು. ಆದರೆ ಹಸಿದ ಗಣಿಗಾರನ ಮನೆಯನ್ನು ಮೊದಲು ಅನ್ನದಿಂದ, ಆಮೇಲೆ ಮಾತಿನಿಂದ ನಿಲ್ಲಿಸಬೇಕೆಂಬುದನ್ನು ಹಾರ್ಡಿ ಅಲ್ಲಿ ಕಲಿತರು. ಹಂಡೆಯ ಮುಂದೆ ನಿಂತ ಲಿಲ್ಲಿಯ ಹೆಸರನ್ನು ಚರಿತ್ರೆ ಅಷ್ಟಾಗಿ ಹೇಳುವುದಿಲ್ಲ. ಮುಂದೆ ಗಂಡ ಲಂಡನ್ನಿನಲ್ಲೂ ದೇಶಾಂತರದಲ್ಲೂ ತಿರುಗುತ್ತಿದ್ದಾಗ ಕಮ್ನಾಕ್ ಎಂಬ ಊರಿನಲ್ಲಿ ಕಡಿಮೆ ಹಣದಲ್ಲಿ ಮಕ್ಕಳನ್ನು ಸಾಕಿದವಳು ಆಕೆ. ಪರರ ಸಂಸಾರಕ್ಕಾಗಿ ಹೋರಾಡಿದ ಹಾರ್ಡಿ ತಮ್ಮ ಸಂಸಾರದ ಕಡೆ ಸಾಕಷ್ಟು ನೋಡಲಿಲ್ಲವೆಂಬ ಮಾತಿನಲ್ಲಿ ಸತ್ಯವಿದೆ.

ಇನ್ನೊಂದು ಕುಂದನ್ನೂ ಮುಚ್ಚಿಡುವುದು ಸರಿಯಲ್ಲ. ಲಿಥುವೇನಿಯಾದಿಂದ ಬಂದ ಬಡ ಕೆಲಸಗಾರರನ್ನು ಸ್ಕಾಟ್ಲೆಂಡಿನ ಕಂಪೆನಿಗಳು ಸೇರಿಸಿಕೊಂಡಾಗ ಹಾರ್ಡಿ ಅವರ ವಿರುದ್ಧ ಕಟುವಾಗಿ ಬರೆದರು. ಕೂಲಿ ಇಳಿಸಲು ಮಾಲೀಕರು ಹೂಡಿದ ಉಪಾಯಕ್ಕೆ ಹಸಿದು ಬಂದವರನ್ನು ದೂರಿದ್ದು ತಪ್ಪೇ. ಅನ್ಯಭಾಷೆಯವನೆಂಬ ಕಾರಣಕ್ಕೆ ಓರೆನೋಟ ಕಂಡು ಗೊತ್ತಿರುವ ನಮ್ಮಂಥವರು ಇದನ್ನು ಓದಿ ಮುಂದೆ ಹೋಗಲಾರೆವು. ವಯಸ್ಸಾದಂತೆ ಅವರ ದೃಷ್ಟಿ ಅಗಲವಾಯಿತು. 1908ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಕರಿಯ ಕೆಲಸಗಾರರಿಗೂ ಸಂಘದಲ್ಲಿ ಸ್ಥಾನ ಬೇಕೆಂದು ಹೇಳಿ ಬಿಳಿಯರ ಗುಂಪಿನಿಂದ ಹಲ್ಲೆಗೊಳಗಾಗುವ ಮಟ್ಟಿಗೆ ಅವರು ಬದಲಾಗಿದ್ದರು.

1886ರಲ್ಲಿ ಅವರು ಐರ್‌ಶೈರ್ ಗಣಿಗಾರರ ಸಂಘದ ಕಾರ್ಯದರ್ಶಿಯಾದರು. ಮರುವರ್ಷ ಗಣಿಗಾರರಿಗಾಗಿಯೇ ಒಂದು ಪತ್ರಿಕೆ ತೆಗೆದರು. ಅದೇ 1887ರ ಮೇ ತಿಂಗಳಲ್ಲಿ ಹ್ಯಾಮಿಲ್ಟನ್ ಬಳಿಯ ಉಡ್‌ಸ್ಟನ್ ಗಣಿ ಸಿಡಿದು 73 ಮಂದಿ ಸತ್ತರು. ಬ್ಲ್ಯಾಂಟೈರಿನಿಂದ ಅದು ಕೂಗಳತೆಯ ದೂರ. ಹತ್ತು ವರ್ಷಗಳಲ್ಲಿ ಏನೂ ಬದಲಾಗಿರಲಿಲ್ಲ. 1888ರಲ್ಲಿ ಮಿಡ್ ಲ್ಯಾನಾರ್ಕ್ ಕ್ಷೇತ್ರದ ಉಪಚುನಾವಣೆಗೆ ನಿಂತ ಹಾರ್ಡಿಗೆ ಸಿಕ್ಕಿದ್ದು 617 ಮತ. ಗಣಿಗಾರರೇ ತುಂಬಿದ ಕ್ಷೇತ್ರದಲ್ಲಿ ಗಣಿಗಾರನಿಗೆ ಕಡೆಯ ಸ್ಥಾನ! ನಾಲ್ಕು ವರ್ಷದ ಮೇಲೆ, 1892ರಲ್ಲಿ, ಲಂಡನ್ನಿನ ಪೂರ್ವ ಭಾಗದ ವೆಸ್ಟ್ ಹ್ಯಾಮ್ ದಕ್ಷಿಣ ಕ್ಷೇತ್ರ ಅವರನ್ನು ಗೆಲ್ಲಿಸಿ ಕಳುಹಿಸಿತು. ಎಲ್ಲರೂ ಕರಿಯ ಉದ್ದಂಗಿ, ಎತ್ತರದ ರೇಷ್ಮೆ ಟೊಪ್ಪಿ ಧರಿಸಿ ಬರುತ್ತಿದ್ದ ಸಭೆಗೆ ಇವರು ಒರಟು ಬಟ್ಟೆ, ಸಾದಾ ಟೊಪ್ಪಿಯಲ್ಲಿ ಹೋದದ್ದೇ ಒಂದು ದೊಡ್ಡ ಸುದ್ದಿಯಾಯಿತು. ಸದಸ್ಯರಿಗೆ ಆಗ ಸಂಬಳವಿರಲಿಲ್ಲ, 1911ರವರೆಗೂ ಇರಲಿಲ್ಲ. ಲೇಖನಿಯಿಂದ ಸಂಪಾದಿಸಿದ್ದರಲ್ಲೇ ಹೊಟ್ಟೆ ಹೊರೆಯಬೇಕಿತ್ತು. 1893ರಲ್ಲಿ ಬ್ರ್ಯಾಡ್‌ಫರ್ಡಿನಲ್ಲಿ ಸ್ವತಂತ್ರ ಲೇಬರ್ ಪಕ್ಷ ಹುಟ್ಟಿದಾಗ ಅದರ ಮುಖ್ಯರು ಇವರೇ.

ಈಗ ನಾವು ಮೊದಲೇ ಸೂಚಿಸಿದ ಪ್ರಸಂಗಕ್ಕೆ ಬರೋಣ.

1894ರ ಜೂನ್ 23, ಶನಿವಾರ. ದಕ್ಷಿಣ ವೇಲ್ಸಿನ ಸಿಲ್ಫನಿದ್ ಎಂಬ ಊರಿನ ಆಲ್ಬಿಯನ್ ಗಣಿಯಲ್ಲಿ ಅಪರಾಹ್ನದ ದುರಸ್ತಿ ಪಾಳಿಯವರು ಇಳಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ಅನಿಲಕ್ಕೆ ಕಿಡಿ ತಗುಲಿತು. ಗಣಿಯ ತುಂಬ ಹಾರುತ್ತಿದ್ದ ಕಲ್ಲಿದ್ದಲ ಧೂಳು ಆ ಬೆಂಕಿಯನ್ನು ಮೂಲೆ ಮೂಲೆಗೂ ಒಯ್ದಿತು. 290 ಗಂಡಸರೂ ಹುಡುಗರೂ ಸತ್ತರು. ಮೇಲೆ ತಂದ ಶವಗಳನ್ನು ಗುರುತಿಸುವುದೇ ಕಷ್ಟವಾಗಿತ್ತು. ಒಬ್ಬರ ಮನೆಗೆ ಹೋಗಬೇಕಾದದ್ದು ಇನ್ನೊಬ್ಬರ ಮನೆಗೆ ಹೋಗಿ, ಅಲ್ಲಿ ಅತ್ತು ಮುಗಿದ ಮೇಲೆ ತಪ್ಪು ತಿಳಿದು ಹಿಂದಕ್ಕೆ ಒಯ್ದದ್ದೂ ಉಂಟು. ಒಂದೇ ಬೀದಿಯಲ್ಲಿ ಮನೆ ಮನೆಗೂ ಹೆಣ.

ಅದೇ ದಿನ ಲಂಡನ್ನಿನ ಹತ್ತಿರ ಯಾರ್ಕಿನ ಡ್ಯೂಕ್ ದಂಪತಿಗಳಿಗೆ, ಎಂದರೆ ವಿಕ್ಟೋರಿಯಾ ರಾಣಿಯ ಮೊಮ್ಮಗನಿಗೆ, ಗಂಡು ಮಗು ಹುಟ್ಟಿತು. ಮರುದಿನ ಫ್ರಾನ್ಸಿನ ಅಧ್ಯಕ್ಷ ಕಾರ್ನೋ ಕೊಲೆಯಾದರು. ಸೋಮವಾರ ಕಾಮನ್ಸ್ ಸಭೆ ಸೇರಿದಾಗ ಫ್ರೆಂಚ್ ಅಧ್ಯಕ್ಷರ ಮರಣಕ್ಕೆ ಸಂತಾಪ ಸೂಚಿಸುವ ಮಾತು ಬಂತು. ಗಣಿಯಲ್ಲಿ ಸತ್ತವರ ಮನೆಯವರಿಗೂ ಅದೇ ರೀತಿ ಸಭೆಯ ಪರವಾಗಿ ಸಂತಾಪ ನಿರ್ಣಯವೊಂದನ್ನು ತರುವಿರಾ ಎಂದು ಹಾರ್ಡಿ ವಿಚಾರಿಸಿದರು. ಸಭಾನಾಯಕ ಸರ್ ವಿಲಿಯಂ ಹಾರ್ಕೋರ್ಟ್, ಸಭೆಗೆ ಸಹಾನುಭೂತಿಯಿದೆಯೆಂದು ಈಗಲೇ ಬಾಯಲ್ಲಿ ಹೇಳಿಬಿಡಬಹುದು ಎಂಬ ಧಾಟಿಯಲ್ಲಿ ಉತ್ತರಿಸಿ ಕುಳಿತರು. ಜೂನ್ 28ರಂದು ರಾಜಮನೆತನದ ಶಿಶುಜನನಕ್ಕೆ ಅಭಿನಂದನೆ ಸಲ್ಲಿಸುವ ನಿರ್ಣಯ ವಿಧಿವತ್ತಾಗಿ ಬಂತು.

ಹಾರ್ಡಿ ಎದ್ದು ನಿಂತು ಅದನ್ನು ವಿರೋಧಿಸಿದರು.

ಅದು ಎಂಥ ಸಾಹಸವೆಂದು ಇಂದು ಊಹಿಸುವುದು ಕಷ್ಟ. ಸಭೆಯಲ್ಲಿದ್ದವರ ಕೂಗು, ನಗು, ಅಣಕದ ನಡುವೆ ಅವರ ಮಾತು ಕೇಳಿಸುವುದೇ ದುಸ್ತರವಾಗಿತ್ತು. ಕಣ್ಣಾರೆ ಕಂಡವರು ಅದನ್ನು ಮೃಗಶಾಲೆಯ ಗದ್ದಲಕ್ಕೆ ಹೋಲಿಸಿದ್ದಾರೆ. ಹಾರ್ಡಿಯವರ ವಾದ ಬಹಳ ಸರಳ. ಒಂದು ಮಗುವಿನ ಜನನವನ್ನು ರಾಷ್ಟ್ರದ ಸಂಗತಿಯೆಂದು ಎಣಿಸುವ ಸಭೆಗೆ 290 ಸಾವು ರಾಷ್ಟ್ರದ ಸಂಗತಿಯಾಗಿ ಏಕೆ ಕಾಣುವುದಿಲ್ಲ? ಪರದೇಶದ ಅಧ್ಯಕ್ಷರಿಗೆ ಸಲ್ಲುವ ಒಂದು ಸಾಲಿನ ನಿರ್ಣಯ, ನಾಡಿಗೆ ಬೆಂಕಿ ಬೆಳಕು ಒದಗಿಸುವವರ ಹೆಂಡತಿ ಮಕ್ಕಳಿಗೆ ಸಲ್ಲದೇ? ಆ ಮಗುವಿನ ಭವಿಷ್ಯವನ್ನೂ ಅವರು ಅಲ್ಲಿ ನುಡಿದರು. ಹುಟ್ಟಿದಂದಿನಿಂದ ಹೊಗಳುಭಟರ ನಡುವೆ ಬೆಳೆಯುವ ಈತನನ್ನು ಮುಂದೆ ಪ್ರಪಂಚ ಪ್ರವಾಸಕ್ಕೆ ಕಳುಹಿಸುವರೆಂದೂ, ಅಂತಸ್ತಿಗೆ ಒಪ್ಪದ ವಿವಾಹದ ಗುಸುಗುಸು ಏಳುವುದೆಂದೂ, ಕೊನೆಗೆ ಎಲ್ಲದರ ಖರ್ಚು ಪ್ರಜೆಗಳ ತಲೆಯ ಮೇಲೆ ಬೀಳುವುದೆಂದೂ ಹೇಳಿದರು. ಸಭೆ ಅವರನ್ನು ಕೂಗಿ ಕೂರಿಸಿತು. ಬೆಂಬಲಕ್ಕೆ ಒಬ್ಬರೂ ಇರಲಿಲ್ಲ. ನಿರ್ಣಯ ಅಂಗೀಕೃತವಾಯಿತು.

ಸಂತಾಪ ನಿರ್ಣಯದಿಂದ ಯಾವ ವಿಧವೆಯ ಮಡಕೆಗೆ ಅಕ್ಕಿ ಬೀಳುತ್ತದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅನುಚಿತವಲ್ಲ. ನಾವು ಹೀಗೆ ನೋಡುತ್ತೇವೆ: ಯಾರ ಸಾವಿಗೆ ಸಭೆ ಎದ್ದು ನಿಲ್ಲುತ್ತದೋ ಅವರ ಮನೆಯವರ ಬಗ್ಗೆ ಕಾನೂನು ಮಾಡಲು ಅದು ಹಿಂಜರಿಯುವುದಿಲ್ಲ. ಆ ವರ್ಷದ ಆರಂಭದಲ್ಲಷ್ಟೇ ಮಾಲೀಕರ ಹೊಣೆಯನ್ನು ಬಿಗಿಗೊಳಿಸುವ ಮಸೂದೆಯೊಂದು ಲಾರ್ಡ್ಸ್ ಸಭೆಯ ತಿದ್ದುಪಡಿಗೆ ಸಿಲುಕಿ ಬಿದ್ದುಹೋಗಿತ್ತು. ಕೆಲಸಕ್ಕೆ ಸೇರುವಾಗಲೇ ಪರಿಹಾರದ ಹಕ್ಕು ಬಿಟ್ಟುಕೊಡುವೆನೆಂದು ಆಳಿನಿಂದ ಬರೆಸಿಕೊಳ್ಳುವ ಅವಕಾಶ ಮಾಲೀಕರಿಗೆ ಉಳಿಯಬೇಕೆಂಬುದು ಲಾರ್ಡರ ಹಟ. ಇಂಥ ಹೊತ್ತಿನಲ್ಲಿ ಗಣಿಯ ಸಾವನ್ನು ಸಭೆಯ ಕಲಾಪದಲ್ಲಿ ಬರೆಸುವುದು ಬರಿಯ ಉಪಚಾರದ ಮಾತಾಗಿರಲಿಲ್ಲ.

1895ರ ಚುನಾವಣೆಯಲ್ಲಿ ಹಾರ್ಡಿ ಸೋತರು. ರಾಜಮನೆತನದ ಮೇಲಿನ ಮಾತು ಮತದಾರರಲ್ಲಿ ಕೆಲವರನ್ನು ದೂರ ಮಾಡಿತ್ತು. ವಿಧಿಯ ವಿನೋದ ನೋಡಿ: ಹಾರ್ಡಿ ಸಭೆಯ ಹೊರಗಿದ್ದಾಗಲೇ, 1897ರಲ್ಲಿ, ಸಂಪ್ರದಾಯವಾದಿಗಳ ಸರಕಾರ ಕಾರ್ಮಿಕ ಪರಿಹಾರ ಕಾಯಿದೆಯನ್ನು ತಂದಿತು. ಯಾರ ತಪ್ಪೆಂದು ಸಾಬೀತುಪಡಿಸುವ ಗೋಜಿಲ್ಲದೆ, ಕೆಲಸದಲ್ಲಿ ಸತ್ತವನ ಅವಲಂಬಿತರಿಗೆ ಮೂರು ವರ್ಷದ ಕೂಲಿಯಷ್ಟು ಹಣ. 150 ಪೌಂಡಿಗೆ ಕಡಿಮೆಯಿಲ್ಲ, 300 ಪೌಂಡಿಗೆ ಮೀರಿಲ್ಲ. ಗಣಿಗಳೂ ಅದರೊಳಗೆ ಸೇರಿದವು. ಅದರ ಶ್ರೇಯಸ್ಸು ಜೋಸೆಫ್ ಚೇಂಬರ್ಲೇನರಿಗೆ ಸಲ್ಲಬೇಕು. ಹಾರ್ಡಿಯ ಅಭಿಮಾನಿಗಳು ಇದನ್ನು ಮರೆಯುವುದುಂಟು. ಆದರೆ ಕೂಗಿ ಕೂರಿಸಿದ ಮಾತು ಮೂರು ವರ್ಷಕ್ಕೆ ಬೇರೆಯವರ ಬಾಯಲ್ಲಿ ಕಾಯಿದೆಯಾಗಿ ಬಂದದ್ದನ್ನು ಗಮನಿಸದಿರಲಾಗದು. ನಮ್ಮಲ್ಲಿ ಅಂಥ ಕಾಯಿದೆ ಬರಲು 1923ರವರೆಗೆ ಕಾಯಬೇಕಾಯಿತು.

1900ರಲ್ಲಿ ವೇಲ್ಸಿನ ಗಣಿ ನಾಡಿನ ಮರ್ಥರ್ ಟಿಡ್‌ಫಿಲ್ ಕ್ಷೇತ್ರ ಅವರನ್ನು ಆರಿಸಿತು. ಕಡೆಯುಸಿರಿನವರೆಗೂ ಅವರು ಅಲ್ಲಿಯ ಪ್ರತಿನಿಧಿ. ಆಲ್ಬಿಯನ್ ಗಣಿಯ ಬಗ್ಗೆ ಆಡಿದ ಮಾತನ್ನು ವೇಲ್ಸಿನವರು ಮರೆತಿರಲಿಲ್ಲವೆಂದು ನಾವು ತಿಳಿದುಕೊಂಡರೆ ತಪ್ಪಾಗಲಾರದು. 1906ರಲ್ಲಿ 29 ಮಂದಿ ಗೆದ್ದು ಬಂದು ಲೇಬರ್ ಪಕ್ಷವೆಂಬ ಹೆಸರು ತಳೆದಾಗ ಸಭೆಯಲ್ಲಿ ಅವರ ಮುಖಂಡರು ಹಾರ್ಡಿಯೇ. ಒಬ್ಬಂಟಿಯಾಗಿ ಎದ್ದು ನಿಂತವರ ಹಿಂದೆ ಈಗ ಒಂದು ಬೆಂಚು ತುಂಬ ಜನರಿದ್ದರು.

1907ರಲ್ಲಿ ಆರೋಗ್ಯ ಕೆಟ್ಟು, ವೈದ್ಯರ ಸಲಹೆಯಂತೆ ವಿಶ್ವಪ್ರವಾಸ ಹೊರಟವರು ಭಾರತಕ್ಕೂ ಬಂದರು. ವಂಗಭಂಗದ ಚಳವಳಿಯ ಕಾಲ. ಪೂರ್ವ ಬಂಗಾಲದ ಹಳ್ಳಿಗಳನ್ನು ಸುತ್ತಿದರು, ಪುಣೆಯಲ್ಲಿ ತಿಲಕರನ್ನು ಕಂಡರು. ಕೆನಡಾಕ್ಕೆ ಇರುವಂಥ ಸ್ವಯಮಾಡಳಿತ ಭಾರತೀಯರಿಗೂ ಸಲ್ಲಬೇಕೆಂದದ್ದಕ್ಕೆ ಲಂಡನ್ನಿನ ಪತ್ರಿಕೆಗಳು ರಾಜದ್ರೋಹಿಯೆಂದು ಕಿರುಚಿದವು. 1909ರಲ್ಲಿ ಆ ಪ್ರವಾಸದ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಅರಮನೆಯ ತೋಟದ ಕೂಟಕ್ಕೆ ಅವರಿಗೆ ಆಹ್ವಾನ ತಪ್ಪಿದ್ದು 1908ರಲ್ಲಿ. ಆ ನಷ್ಟಕ್ಕಾಗಿ ಅವರು ನಿದ್ದೆಗೆಟ್ಟರೆಂದು ಎಲ್ಲೂ ಕೇಳಿಲ್ಲ.

1910ರ ಮೇ 11ರ ರಾತ್ರಿ ಇಂಗ್ಲೆಂಡಿನ ವೈಟ್‌ಹೇವನ್ ಎಂಬಲ್ಲಿ ಸಮುದ್ರದಡಿ ಚಾಚಿಕೊಂಡಿದ್ದ ವೆಲ್ಲಿಂಗ್ಟನ್ ಗಣಿಗೆ ಬೆಂಕಿ ಹತ್ತಿತು. ಬೆಂಕಿಯ ಆಚೆ 136 ಮಂದಿ ಸಿಕ್ಕಿಬಿದ್ದಿದ್ದರು. ಗಣಿಯ ಬಾಯಲ್ಲಿ ಸಾವಿರಾರು ಜನ. ರಕ್ಷಣೆಗೆ ಇಳಿದವರು ಹೊಗೆಗೆ ಹಿಮ್ಮೆಟ್ಟಿ ಬಂದರು. ಕೊನೆಗೆ ಅಧಿಕಾರಿಗಳು ಗಾಳಿ ಹೋಗದಂತೆ ಗೋಡೆ ಕಟ್ಟಿ ಬೆಂಕಿ ನಂದಿಸಲು ನಿಶ್ಚಯಿಸಿದರು. ಒಳಗಿರುವವರು ಇನ್ನೂ ಬದುಕಿದ್ದಾರೆಂದು ನಂಬಿದ್ದ ಹೆಂಡತಿ, ತಾಯಂದಿರ ಕಣ್ಣೆದುರಿಗೆ ಗೋಡೆಗೆ ಇಟ್ಟಿಗೆ ಹೋಗತೊಡಗಿತು. ಎಷ್ಟೋ ತಿಂಗಳ ಮೇಲೆ ಗೋಡೆ ಒಡೆದಾಗ, ಸ್ವಲ್ಪ ಹೊತ್ತಾದರೂ ಕೆಲವರು ಜೀವಂತವಾಗಿದ್ದರೆಂದು ತೋರಿಸುವ ಸೀಮೆಸುಣ್ಣದ ಬರಹಗಳು ಒಳಗೆ ಸಿಕ್ಕವು. ಅಂಥ ನಿರ್ಣಯ ಕೈಗೊಳ್ಳಬೇಕಾದವರ ಮೇಲೆ ನಾವು ತೀರ್ಪು ಹೇಳಲಾರೆವು. ಆದರೆ ಉಸಿರಾಟದ ಉಪಕರಣಗಳೂ ತರಬೇತಾದ ಪಡೆಯೂ ಹತ್ತಿರದಲ್ಲೇ ಸಿದ್ಧವಾಗಿರಬೇಕೆಂಬ ಮಾತು ಇನ್ನು ಮುಂದೂಡುವಂತಿರಲಿಲ್ಲ. ಆ ವರ್ಷವೇ ಗಣಿ ಅಪಘಾತಗಳಲ್ಲಿ ರಕ್ಷಣೆ ಮತ್ತು ನೆರವಿನ ಕಾಯಿದೆಯಾಯಿತು. ಮರುವರ್ಷ ವಿಸ್ತಾರವಾದ ಕಲ್ಲಿದ್ದಲು ಗಣಿ ಕಾಯಿದೆ ಬಂತು. ಹಾರ್ಡಿ 1887ರಿಂದ ಬೇಡುತ್ತ ಬಂದಿದ್ದ ಎಂಟು ಗಂಟೆಯ ಕೆಲಸದ ಮಿತಿ ಗಣಿಗಾರರಿಗೆ 1908ರಲ್ಲಿ ದೊರಕಿತ್ತು.

ಕಾಯಿದೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿದ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿಗಾರರು ಸತ್ತರು. ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ಗಣಿ ದುರಂತ ನಡೆದಿಲ್ಲ. ಇದೇ ಗಣಿ 1901ರಲ್ಲಿ ಒಮ್ಮೆ 81 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಇನ್ನೂರಕ್ಕೂ ಹೆಚ್ಚು ಹೆಂಗಸರು ವಿಧವೆಯರಾದರು, ಐನೂರಕ್ಕೂ ಹೆಚ್ಚು ಮಕ್ಕಳು ತಂದೆಯಿಲ್ಲದವರಾದರು. ನಿಯಮ ಮುರಿದದ್ದಕ್ಕೆ ವ್ಯವಸ್ಥಾಪಕನಿಗೆ ಬಿದ್ದ ದಂಡ 24 ಪೌಂಡು. ಭಾಗಿಸಿ ನೋಡಿದರೆ ಜೀವವೊಂದಕ್ಕೆ ಒಂದು ಷಿಲಿಂಗು, ಒಂದು ಪೆನ್ನಿ.

ಮರುವರ್ಷ ಮಹಾಯುದ್ಧ. ಜರ್ಮನಿಯ ಗಣಿಗಾರನೂ ಬ್ರಿಟನ್ನಿನ ಗಣಿಗಾರನೂ ಒಬ್ಬರನ್ನೊಬ್ಬರು ಕೊಲ್ಲಲಾರರೆಂದು ನಂಬಿದ್ದ ಹಾರ್ಡಿಯ ಎದೆಯೊಡೆಯಿತು. ಯುದ್ಧವನ್ನು ವಿರೋಧಿಸಿ ಮಾತನಾಡಹೋದಾಗ ಸ್ವಂತ ಕ್ಷೇತ್ರದಲ್ಲೇ ಜನ ಕೂಗಿ ಸಭೆ ಕೆಡಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಕೂಗಿದ್ದವರು ಸಿರಿವಂತರು. ಅದನ್ನು ಅವರು ತಡೆದುಕೊಂಡಿದ್ದರು. ಈ ಸಲ ಕೂಗಿದವರು ಗಣಿಯವರೇ. 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು. ವಯಸ್ಸು 59.

ಆಲ್ಬಿಯನ್ ಗಣಿ ಸಿಡಿದ ದಿನ ಹುಟ್ಟಿದ ಆ ರಾಜಕುಮಾರ ಏನಾದನೆಂದು ಓದುಗರು ಕೇಳಬಹುದು. ಹಾರ್ಡಿ ಹೇಳಿದಂತೆಯೇ ಆತನನ್ನು ಪ್ರಪಂಚ ಸುತ್ತಲು ಕಳುಹಿಸಿದರು. 1921-22ರಲ್ಲಿ ನಮ್ಮ ದೇಶಕ್ಕೂ ಬಂದು, ಮುಂಬಯಿಯಲ್ಲಿ ಬಹಿಷ್ಕಾರದ ಬಿಸಿ ಕಂಡ. 1936ರ ಜನವರಿಯಲ್ಲಿ ಎಂಟನೆಯ ಎಡ್ವರ್ಡ್ ಎಂಬ ಹೆಸರಿನಿಂದ ಸಿಂಹಾಸನವೇರಿದ. ಆ ನವೆಂಬರ್ 18ರಂದು ದಕ್ಷಿಣ ವೇಲ್ಸಿನ ಪ್ರವಾಸದಲ್ಲಿ, ಮರ್ಥರ್ ಪಟ್ಟಣದ ಡೌಲೈಸ್ ಎಂಬಲ್ಲಿ, ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಎದುರು ನಿಂತ. ಕೆಲಸವಿಲ್ಲದ ಸಾವಿರಾರು ಮಂದಿ ಸುತ್ತ ನೆರೆದಿದ್ದರು. ಹಾರ್ಡಿಗೆ ಮತ ಹಾಕಿದ್ದ ಮುದುಕರೂ ಅವರಲ್ಲಿ ಇದ್ದಿರಬೇಕು. ಇವರಿಗಾಗಿ ಏನಾದರೂ ಮಾಡಲೇಬೇಕೆಂಬ ಅರ್ಥದ ಮಾತು ಅರಸನ ಬಾಯಿಂದ ಬಂತು. ಅದಾಗಿ ಒಂದು ತಿಂಗಳೂ ತುಂಬಲಿಲ್ಲ. ಎರಡು ಸಲ ವಿವಾಹ ವಿಚ್ಛೇದನವಾಗಿದ್ದ ಅಮೆರಿಕದ ಹೆಂಗಸೊಬ್ಬಳನ್ನು ಮದುವೆಯಾಗುವ ಸಲುವಾಗಿ ಆತ ಪಟ್ಟ ಬಿಟ್ಟುಕೊಟ್ಟ. ಹಾರ್ಡಿ ಸತ್ತು ಆಗ 21 ವರ್ಷಗಳಾಗಿದ್ದವು.